ಕೆರಿಯಮ್ಮನ ಕಿಟಕಿಗೆ ಕೂರದ ಮೋಟಾರು

ತೀರ್ಥಹಳ್ಳಿಯ ಸರ್ವಾನುಕೂಲ ಸೆಕೆಂಡ್ ಹ್ಯಾಂಡ್ ಆಟೋ ಸ್ಪೇರ್ಸ್‌ನ ಮಾಲೀಕರೂ, ಸತ್ತ ಕಾರುಗಳ ಅಂಗಾಂಗಗಳನ್ನು ಬದುಕಿರುವ ಕಾರುಗಳಿಗೆ ಹಂಚುವ ಪುಣ್ಯಾತ್ಮರೂ ಆದ ಶ್ರೀ ಅಭಿರಾಮ ಅವರ ಸನ್ನಿಧಿಗೆ,

ವಿಷಯ: ತಾವು ಕಳುಹಿಸಿಕೊಟ್ಟ ಕಾರಿನ ಕಿಟಕಿ ಮೋಟಾರು ಸರ್ಕಾರಿ ಅಧಿಕಾರಿಯೊಬ್ಬರ ತೋಳನ್ನು ಹಿಡಿದುಕೊಂಡ ಬಗ್ಗೆ.

ಉಲ್ಲೇಖ: ವಾಟ್ಸಾಪಿನಲ್ಲಿ ತಾವು ದಯಪಾಲಿಸಿದ ಹೆಬ್ಬೆಟ್ಟುಗಳು.

ಮಾನ್ಯರೇ,

ತಾವೂ ತಮ್ಮ ಗೋದಾಮೂ ಈ ಮಳೆಗಾಲದಲ್ಲಿ ಎಲ್ಲೂ ಸೋರದೆ ಸುಖವಾಗಿದ್ದೀರೆಂದು ನಂಬಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದನ್ನು ತಮಗೊಬ್ಬರಿಗೇ ಬರೆಯಬಹುದಿತ್ತು, ಬರೆದೂ ಇದ್ದೆ; ಅದನ್ನು ತಾವು ಓದಿದ್ದೀರಿ ಎಂಬುದಕ್ಕೆ ಫೋನಿನಲ್ಲಿ ಮೂಡಿದ ನೀಲಿ ಗೆರೆಗಳೇ ಸಾಕ್ಷಿ. ಓದಿಯೂ ಸುಮ್ಮನಿರುವುದು ತಮ್ಮಂಥ ದೊಡ್ಡವರ ಗುಣ, ಸುಮ್ಮನಿರಲಾರದೆ ಊರಿಗೆಲ್ಲ ಕೇಳುವಂತೆ ಹೇಳುವುದು ನನ್ನಂಥವಳ ಗುಣ. ಹೀಗಾಗಿ ಈ ಪತ್ರ ಬಹಿರಂಗವಾಗಿದೆ.

ಮೊದಲು ನನ್ನ ಪರಿಚಯ. ಹೊಸನಗರದ ಬಸ್ ನಿಲ್ದಾಣದ ಹಿಂದೆ ಹೆಂಗಸರಿಗೆಂದೇ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಸುಚಿತ್ರಾ ನಾನು. ಸ್ಕೂಲ್ ಎಂದ ಕೂಡಲೇ ತಾವು ಕಾರುಗಳ ಸಾಲನ್ನು ಕಲ್ಪಿಸಿಕೊಳ್ಳಬಾರದು. ಇರುವುದೊಂದೇ ಕಾರು, ಅದೂ ನನಗಿಂತ ಮೊದಲು ಇಬ್ಬರ ಕೈ ಕಂಡದ್ದು, ಪ್ರತಿ ಬ್ಯಾಚಿನ ಹೊಸ ಕಾಲುಗಳಿಂದ ಕ್ಲಚ್ಚಿಗೆ ಒದೆಸಿಕೊಂಡೂ ಮುನಿಯದೆ ಬೆಳಿಗ್ಗೆ ಎದ್ದು ಸ್ಟಾರ್ಟ್ ಆಗುವ ಸಾಧು ಪ್ರಾಣಿ. ಮಳೆ ಹಿಡಿದ ಹೊಸದರಲ್ಲಿ ಈ ಸಾಧು ಪ್ರಾಣಿಯ ಬಲಬಾಗಿಲಿನ, ಅಂದರೆ ಡ್ರೈವರ್ ಕಡೆಯ ಕಿಟಕಿಯ ಮೋಟಾರು ತೀರಿಕೊಂಡಿತು. ಗಾಜು ಮೇಲೆಯೇ ನಿಂತುಬಿಟ್ಟಿತು.

ಗಾಜು ಇಳಿಯದಿದ್ದರೆ ಇಳಿಯದಿರಲಿ, ಮಳೆಗಾಲದಲ್ಲಿ ಅದನ್ನು ಇಳಿಸುವವರಾರು ಎಂದು ತಾವು ಕೇಳಬಹುದು. ಲೈಸೆನ್ಸಿನ ಪರೀಕ್ಷೆಗೆ ನಿಂತವರು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಎಡಕ್ಕೆ ತಿರುಗುತ್ತೇನೆ, ಬಲಕ್ಕೆ ತಿರುಗುತ್ತೇನೆ, ನಿಲ್ಲಿಸುತ್ತೇನೆ ಎಂದು ಸಿಗ್ನಲ್ ತೋರಿಸಬೇಕಾಗುತ್ತದೆ. ಗಾಜಿನ ಒಳಗೇ ಕೈ ಆಡಿಸಿದರೆ ಅದು ಸಿಗ್ನಲ್ ಅಲ್ಲ, ನೊಣ ಓಡಿಸಿದ ಹಾಗೆ. ಆ ವಾರವೇ ಸಾಗರದಲ್ಲಿ ಪರೀಕ್ಷೆಗೆ ನಿಲ್ಲಬೇಕಿದ್ದವರು ಕೆರಿಯಮ್ಮ.

ಕೆರಿಯಮ್ಮ ಯಾರೆಂದು ತಮಗೆ ಗೊತ್ತಿರಲಾರದು. ನಮ್ಮ ಪಕ್ಕದ ಪಂಚಾಯತಿಯ ಕಸ ವಿಂಗಡಿಸುವ ಶೆಡ್ಡಿನಲ್ಲಿ ಬಾಟಲಿ ಬೇರೆ, ಬಟ್ಟೆ ಬೇರೆ ಎಂದು ಆರಿಸುತ್ತಿದ್ದ, ಮೊಮ್ಮಕ್ಕಳನ್ನು ಕಂಡ ಹೆಂಗಸು. ಆ ಪಂಚಾಯತಿಗೆ ಮನೆಮನೆಯ ಕಸ ಒಯ್ಯಲು ಹೊಸ ಗಾಡಿಯೊಂದು ಮಂಜೂರಾಗಿ ಬಂದಿತ್ತು. ಅದನ್ನು ಮಹಿಳಾ ಸಂಘದವರೇ ಓಡಿಸಬೇಕೆಂದು ಆದೇಶವಿತ್ತು. ಓಡಿಸಲು ಬರುವವರಿಲ್ಲದೆ ಗಾಡಿ ತಾಡಪಾಲು ಹೊದ್ದು ನಿಂತೇ ಇತ್ತು. ಸಂಘದ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಕೆರಿಯಮ್ಮ ಎದ್ದು, ನಾನು ಕಲೀತೀನಿ ಎಂದರು. ಅಂದಿನಿಂದ ಶೆಡ್ಡಿನ ಕೆಲಸ ಮುಗಿಸಿ, ಕೈ ತೊಳೆದು, ಸೀರೆ ಬದಲಿಸಿ, ಬಸ್ಸು ಹಿಡಿದು ನನ್ನಲ್ಲಿಗೆ ಬರುತ್ತಿದ್ದರು. ಹೆಂಗಸರು ಗೇರು ಹಾಕುವುದರೊಳಗೆ ಕಸ ಗೊಬ್ಬರವಾಗುತ್ತದೆ ಎಂದು ಪಂಚಾಯತಿಯ ಸದಸ್ಯರೊಬ್ಬರು ಆಡಿಕೊಂಡಿದ್ದರು. ಅವರ ಭಾವಮೈದುನನ ಬಳಿ ಲೈಸೆನ್ಸು ತಯಾರಿತ್ತು. ಬರುವ ಸಾಮಾನ್ಯ ಸಭೆಯೊಳಗೆ ಕೆರಿಯಮ್ಮನಿಗೆ ಲೈಸೆನ್ಸ್ ಆಗದಿದ್ದರೆ, ಆದೇಶ ಏನೇ ಇರಲಿ, ಗಾಡಿಯ ಕೀಲಿ ಭಾವಮೈದುನನಿಗೆ ಎಂದು ಮಾತಾಗಿತ್ತು. ಪರೀಕ್ಷೆಯ ತಾರೀಖು ಒಮ್ಮೆ ತಪ್ಪಿದರೆ ಮುಂದಿನದು ಸಭೆ ಮುಗಿದ ಮೇಲೆಯೇ. ಒಂದು ಗಾಜು ಇಳಿಯುವುದರ ಮೇಲೆ ಇಷ್ಟೆಲ್ಲ ನಿಂತಿತ್ತು.

ಇಂಥ ಸಮಯದಲ್ಲಿ ತಮ್ಮ ಹೆಸರು ನನಗೆ ದೇವರ ಪ್ರಸಾದದಂತೆ ದೊರಕಿತು. ನಮ್ಮೂರ ಎಲೆಕ್ಟ್ರಿಷಿಯನ್ ಪೂರ್ಣೇಶ್ ಬಾಗಿಲಿನ ಒಳಹಲಗೆ ಬಿಚ್ಚಿ ಸತ್ತ ಮೋಟಾರನ್ನು ನನ್ನ ಕೈಗಿಟ್ಟ. ಹೊಸದು ನನ್ನ ಕೈಗೆಟುಕುವಂಥದ್ದಲ್ಲ, ಹಳೆಯದನ್ನು ಹುಡುಕಬೇಕಿತ್ತು. ನಾನು ಆ ಮೋಟಾರಿನ ಮುಂದಿನ ಫೋಟೊ, ಹಿಂದಿನ ಫೋಟೊ, ಮೈಮೇಲೆ ಅಂಟಿಸಿದ್ದ ನಂಬರಿನ ಫೋಟೊ, ವೈರು ಸಿಕ್ಕಿಸುವ ಪ್ಲಗ್ಗಿನ ಫೋಟೊ ಎಲ್ಲವನ್ನೂ ತಮಗೆ ಕಳುಹಿಸಿ, ಗಾಡಿಯ ಇಸವಿಯನ್ನೂ ಬರೆದು, ಇದು ಬಲಬಾಗಿಲಿನದು ಎಂದು ಸ್ಪಷ್ಟಪಡಿಸಿ, ತಮ್ಮಲ್ಲಿರುವುದು ಬಲದ್ದೇ ಹೌದೇ, ಪ್ಲಗ್ಗು ಇದೇ ಹೌದೇ, ಬೋಲ್ಟಿನ ತೂತುಗಳು ಕೂಡುತ್ತವೆಯೇ ಎಂದು ಒಂದೊಂದಾಗಿ ವಿಚಾರಿಸಿದೆ. ಪ್ರತಿ ಪ್ರಶ್ನೆಗೂ ತಾವು ಒಂದೊಂದು ಹೆಬ್ಬೆಟ್ಟು ಕಳುಹಿಸಿದಿರಿ. ಸಹಿ ಬಾರದವರೇ ತುಂಬಿದ ಸಭೆಯಲ್ಲೂ ಅಷ್ಟು ಹೆಬ್ಬೆಟ್ಟುಗಳನ್ನು ನಾನು ಒಟ್ಟಿಗೆ ಕಂಡವಳಲ್ಲ. ಆದರೂ ಸಂಶಯ ತೀರದೆ ಫೋನು ಮಾಡಿದಾಗ ತಾವು ನುಡಿದ ವಾಕ್ಯವನ್ನು ನಾನು ಮರೆತಿಲ್ಲ.

“ಕೂರ್ತದೆ ಮೇಡಂ. ಕೂರ್ದೆ ಎಲ್ಲಿಗ್ ಹೋಗ್ತದೆ?”

ಮಾನ್ಯರೇ, ಅದು ಎಲ್ಲೆಲ್ಲಿಗೆ ಹೋಯಿತೆಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ಹಣ ಮೊದಲು ಬರಲಿ ಎಂಬ ತಮ್ಮ ನಿಷ್ಠುರ ಶಿಸ್ತಿಗೆ ತಲೆಬಾಗಿ ಹಣ ಕಳುಹಿಸಿದೆ. ಬಸ್ಸಿನ ಡ್ರೈವರ್ ಕೈಯಲ್ಲಿ ಮೋಟಾರು ಬಂತು. ಪೂರ್ಣೇಶ್ ಅದನ್ನು ಹಳೆಯದರ ಪಕ್ಕದಲ್ಲಿಟ್ಟ. ಎರಡೂ ಒಂದನ್ನೊಂದು ಕನ್ನಡಿಯಲ್ಲಿ ನೋಡಿಕೊಂಡ ಹಾಗಿದ್ದವು. ತಾವು ಕಳುಹಿಸಿದ್ದು ಎಡಬಾಗಿಲಿನದು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿಕೊಂಡು ಮನೆತನಕ ಕುಂಟುತ್ತ ಹೋಗಬಹುದೇನೋ. ಮೋಟಾರಿನ ಬೋಲ್ಟಿಗೆ ಆ ದಾಕ್ಷಿಣ್ಯವೂ ಇಲ್ಲ. ಇದನ್ನು ತಮಗೆ ನಿವೇದಿಸಿದಾಗ, ಗಾಡಿಗೆ ಎಡ ಬಲ ಎಂಬುದೆಲ್ಲ ನಾವು ಮಾಡಿಕೊಂಡಿದ್ದು ಎಂಬ ಅರ್ಥದ ವೇದಾಂತವನ್ನು ತಾವು ಹೇಳಿದಿರಿ. ದಿನವೂ ಎಡಕ್ಕೆ ಹೋಗಿ, ಎಡಕ್ಕೆ ಹೋಗಿ ಎಂದು ಕೂಗಿ ಗಂಟಲು ಒಣಗಿಸಿಕೊಳ್ಳುವ ನನಗೆ ಈ ಜ್ಞಾನ ತಡವಾಗಿ ಲಭಿಸಿತು. ಆದರೂ ತಮ್ಮ ಹೃದಯ ದೊಡ್ಡದು. ಕೊಂಡ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡಿನ ಕೆಳಗೇ ಕುಳಿತು, ನನಗೊಬ್ಬಳಿಗೆ ಮಾತ್ರ ಎಂದು ಹೇಳಿ, ಇನ್ನಷ್ಟು ಹಣ ಹಾಕಿಸಿಕೊಂಡು, ಬೇರೊಂದನ್ನು ಕಳುಹಿಸಲು ಒಪ್ಪಿದಿರಿ.

ಎರಡನೆಯದು ಪರೀಕ್ಷೆಯ ಹಿಂದಿನ ಸಂಜೆ ಬಂದಿಳಿಯಿತು. ಇದು ಬಲದ್ದೇ, ತಮಗೆ ಜಯವಾಗಲಿ. ಆದರೆ ಇದರ ಹುಟ್ಟೂರು ಬೇರೆ; ಯಾವುದೋ ದೊಡ್ಡ ಕಾರಿನದು. ನಮ್ಮ ಗಾಡಿಯ ಪ್ಲಗ್ಗು ಇದರ ಬಾಯಿಗೆ ಹೋಗಲಿಲ್ಲ. ಪೂರ್ಣೇಶ್ ಫೋನು ಹಚ್ಚಿ ತಮ್ಮನ್ನೇ ಕೇಳಿದ. ವೈರು ಕತ್ತರಿಸಿ ಜಾಯಿಂಟ್ ಕೊಟ್ಟರೆ ಯಾವುದಕ್ಕೆ ಯಾವುದೂ ಆಗುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅವನಿಗೂ ಮನೆಗೆ ಹೋಗುವ ಅವಸರ, ನನಗೂ ಬೆಳಗಾದರೆ ಸಾಗರ. ಅವನು ಕತ್ತರಿಸಿದ, ಜೋಡಿಸಿದ, ಟೇಪು ಸುತ್ತಿದ, ಹಲಗೆ ಮುಚ್ಚಿದ. ಗುಂಡಿ ಒತ್ತಿದೆವು. ಗಾಜು ಅಲುಗಿತು. ಆ ಒಂದು ಕ್ಷಣ ತಮ್ಮ ಬಗ್ಗೆ ನನ್ನಲ್ಲಿ ಎಂಥ ಗೌರವ ಉಕ್ಕಿತ್ತೆಂದರೆ, ಆ ಕ್ಷಣವೊಂದು ಕಳೆಯದೇ ಇದ್ದಿದ್ದರೆ ಈ ಪತ್ರ ಸನ್ಮಾನ ಪತ್ರವಾಗುತ್ತಿತ್ತು.

ಮೇಲೆ ಎಂದು ಒತ್ತಿದರೆ ಗಾಜು ಕೆಳಗೆ ಹೋಗುತ್ತಿತ್ತು. ಕೆಳಗೆ ಎಂದು ಒತ್ತಿದರೆ ಮೇಲೆ ಬರುತ್ತಿತ್ತು. ಬರುವುದೆಂದರೆ ಸುಮ್ಮನೆ ಬರುವುದಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಗೇಟು ಎತ್ತಲು ಮಾಡಿದ್ದನ್ನು ತಪ್ಪಿ ನಮಗೆ ಕಳುಹಿಸಿದಿರೋ ಎಂಬಷ್ಟು ಬಲದಿಂದ, ನಡುವೆ ಏನಿದ್ದರೂ ಲೆಕ್ಕಿಸದೆ ಬರುವುದು. ಎರಡು ವೈರು ಅದಲು ಬದಲು ಮಾಡಿದರೆ ಸರಿಯಾಗುತ್ತದೆ, ಆದರೆ ಮತ್ತೆ ಎಲ್ಲ ಬಿಚ್ಚಬೇಕು, ನಾಳೆ ನೀವು ಸಾಗರದಿಂದ ಬಂದ ಮೇಲೆ ಮಾಡಿಕೊಡುತ್ತೇನೆ ಎಂದ ಪೂರ್ಣೇಶ್. ಅಷ್ಟರಲ್ಲಿ ಕರೆಂಟೂ ಹೋಯಿತು. ಹೀಗಾಗಿ ಸರ್ವಾನುಕೂಲ ಸಂಸ್ಥೆಯ ಮೋಟಾರನ್ನು ಕೆರಿಯಮ್ಮನಿಗೆ ಹೊಂದಿಸಲು ಆಗದೆ, ಕೆರಿಯಮ್ಮನನ್ನೇ ಮೋಟಾರಿಗೆ ಹೊಂದಿಸಲು ಹೊರಟೆವು. ಇಳಿಸಲು ಏರಿಸಬೇಕು, ಏರಿಸಲು ಇಳಿಸಬೇಕು ಎಂದು ನಾನು ಹೇಳಿಕೊಟ್ಟೆ. ಮರುದಿನ ಸಾಗರದ ದಾರಿಯುದ್ದಕ್ಕೂ ಅವರು ಕಣ್ಣು ಮುಚ್ಚಿ ಅದನ್ನೇ ಜಪಿಸುತ್ತಿದ್ದರು.

ಸಾಗರದ ಪರೀಕ್ಷಾ ಮೈದಾನದಲ್ಲಿ ಸಣ್ಣಗೆ ಜಿನುಗುತ್ತಿತ್ತು. ಬ್ರೇಕ್ ಇನ್‌ಸ್ಪೆಕ್ಟರು ಖಾಕಿಯ ಮೇಲೆ ರೇನ್‌ಕೋಟು ಹಾಕಿಕೊಂಡು, ಯಾರ ಮೇಲೂ ರೇಗದೆ, ಒಬ್ಬೊಬ್ಬರನ್ನೇ ಕರೆದು ನೋಡುತ್ತಿದ್ದರು. ಕೆರಿಯಮ್ಮ ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಕಂಬಗಳ ನಡುವೆ ರಿವರ್ಸ್ ತೆಗೆದುಕೊಂಡರು, ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದಂತೆ ಎಬ್ಬಿಸಿದರು, ಅರ್ಧ ಇಳಿಸಿದ್ದ ಕಿಟಕಿಯಿಂದ ಕೈ ಹೊರಗೆ ಚಾಚಿ ಸಿಗ್ನಲ್ ತೋರಿಸಿದರು. ನಾನು ಮೈದಾನದ ಬದಿಯ ಶೆಡ್ಡಿನ ಅಂಚಿನಲ್ಲಿ ನಿಂತು, ಮುಗಿಯಿತು, ಪಾಸಾದರು ಎಂದುಕೊಂಡೆ. ಆಗ ಇನ್‌ಸ್ಪೆಕ್ಟರು ಕಿಟಕಿಯ ಬಳಿ ಬಂದು, ಅರ್ಧ ಇಳಿದಿದ್ದ ಗಾಜಿನ ಮೇಲೆ ತೋಳು ಊರಿ ನಿಂತು, ನಿಮ್ಮ ಮೊಣಕೈ ತಾಗುತ್ತಿದೆ, ಗಾಜು ಪೂರ್ತಿ ಇಳಿಸಿಕೊಂಡು ಇನ್ನೊಮ್ಮೆ ತೋರಿಸಿ ಎಂದರು.

ಸರ್ಕಾರದ ದನಿಯಲ್ಲಿ ಇಳಿಸಿ ಎಂದು ಕೇಳಿದ ಮೇಲೆ ಮಂತ್ರ ಯಾರಿಗೆ ನೆನಪಿರುತ್ತದೆ? ಕೆರಿಯಮ್ಮ ಗುಂಡಿಯ ಮೇಲೆ ಕೆಳಗೆ ಎಂದು ಕೆತ್ತಿದ್ದ ಬಾಣದ ಗುರುತನ್ನು ನೋಡಿ, ಅದನ್ನೇ ಒತ್ತಿದರು. ತಮ್ಮ ಮೋಟಾರು ಕಾದಿದ್ದ ಹಾಗೆ ಗಾಜನ್ನು ಎತ್ತಿ, ರೇನ್‌ಕೋಟಿನ ತೋಳನ್ನೂ ಅದರೊಳಗಿನ ಖಾಕಿಯ ತೋಳನ್ನೂ ಒಟ್ಟಿಗೇ ಕಚ್ಚಿ ಹಿಡಿಯಿತು. ಕೈ ಹೇಗೋ ಪಾರಾಯಿತು, ಬಟ್ಟೆ ಪಾರಾಗಲಿಲ್ಲ. ಗಾಬರಿಯಲ್ಲಿ ಕೆರಿಯಮ್ಮ ಇಳಿಸಲೆಂದು ಇನ್ನಷ್ಟು ಒತ್ತಿದರು. ತಮ್ಮ ಮೋಟಾರು ಇನ್ನಷ್ಟು ನಿಷ್ಠೆಯಿಂದ ಎಳೆಯಿತು. ಇನ್‌ಸ್ಪೆಕ್ಟರ ಭುಜ ಬಾಗಿಲಿಗೆ ಬಂದು ಆತುಕೊಂಡಿತು. ನಾನು ಓಡಿದೆ.

ನಾನು ತಲುಪುವುದರೊಳಗೆ ಕೆರಿಯಮ್ಮ ಗುಂಡಿಯಿಂದ ಕೈ ತೆಗೆದು, ಹ್ಯಾಂಡ್‌ಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು.

“ಸಾರ್, ಗಾಡಿ ನಿಲ್ಸೀನಿ. ಇದು ಎಲ್ಲಿಗೂ ಹೋಗಲ್ಲ. ನೀವೂ ಹೋಗ್ಬೇಡಿ,” ಎಂದರು.

ಹೋಗುವ ಅನುಕೂಲ ಅವರಿಗಿರಲಿಲ್ಲ. ನಾನು ಕೀಲಿ ತಿರುಗಿಸಿ ಮೇಲಿನ ಬಾಣವನ್ನು ಒತ್ತಿದಾಗ ಒಳಗೆ ಏನೋ ಹರಿದ ಸದ್ದಾಗಿ, ಗಾಜು ಇಳಿಯದೆ ಬಿದ್ದೇಬಿಟ್ಟಿತು. ಸುಟ್ಟ ವಾಸನೆ ಬಂತು. ಇನ್‌ಸ್ಪೆಕ್ಟರ ಅಂಗಿಯ ಗುಂಡಿಯೊಂದು ಗಾಜಿನ ಜೊತೆಗೇ ಬಾಗಿಲಿನ ಹೊಟ್ಟೆಗೆ ಇಳಿಯಿತು. ಅವರು ತೋಳನ್ನು ತಿರುಗಿಸಿ ನೋಡಿಕೊಂಡರು. ಬೈಯಲಿಲ್ಲ. ಈ ಗಾಡಿಯಲ್ಲಿ ಪರೀಕ್ಷೆ ಆಗುವುದಿಲ್ಲ, ಮಧ್ಯಾಹ್ನದೊಳಗೆ ಬೇರೆ ಗಾಡಿ ತಂದರೆ ಮೊದಲಿನಿಂದ ನೋಡುತ್ತೇನೆ, ಇಲ್ಲದಿದ್ದರೆ ಮುಂದಿನ ತಾರೀಖು ಎಂದರು. ರಿಪೇರಿಯಾಗುವ ತನಕ ಇದರಲ್ಲಿ ಯಾರಿಗೂ ಕಲಿಸಕೂಡದು ಎಂದೂ ಹೇಳಿದರು. ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅಲ್ಲಿಂದಲೇ ತಮಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ತಾವು ತಾಳ್ಮೆಯಿಂದ ಕೇಳಿಸಿಕೊಂಡಿರಿ. ಕೊನೆಯಲ್ಲಿ ತಾವು ಕೇಳಿದ್ದು ಒಂದೇ.

“ಅಂದ್ರೆ, ಮೋಟಾರು ಕೂತಿತ್ತು ತಾನೆ?”

ಹೌದು ಮಾನ್ಯರೇ, ಕೂತಿತ್ತು. ಆ ಗೆಲುವನ್ನು ತಮ್ಮಿಂದ ಯಾರೂ ಕಸಿಯಲಾರರು.

ಫೋನಿಟ್ಟು ನೋಡಿದರೆ ಕೆರಿಯಮ್ಮ ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಊಟದ ಡಬ್ಬಿ ಬಿಚ್ಚಿರಲಿಲ್ಲ. ನಾನು ಹತ್ತಿರ ಹೋದೆ. ನನಗಿಂತ ಎಷ್ಟೋ ದೊಡ್ಡವರು ನನ್ನ ಕೈ ಹಿಡಿದುಕೊಂಡು ಹೇಳಿದರು: “ನಂದೇ ತಪ್ಪು ಮೇಡಂ. ನೀವು ಹೇಳಿದ್ದು ಬಿಟ್ಟು, ಅಲ್ಲಿ ಗುರ್ತು ಹಾಕಿದ್ದನ್ನ ನಂಬಿ ಒತ್ತಿಬಿಟ್ಟೆ.”

ಇಷ್ಟು ಹೊತ್ತು ತಮಾಷೆಯಾಗಿ ಬರೆದುಕೊಂಡು ಬಂದವಳು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಮನ್ನಿಸಬೇಕು. ಈ ಮೋಟಾರಿನ ವಿಷಯದಲ್ಲಿ ಇಂದಿನವರೆಗೆ ನನ್ನ ಬಳಿ ಕ್ಷಮೆ ಕೇಳಿದವರು ಅವರೊಬ್ಬರೇ. ಕೆಳಗೆ ಎಂದು ಬರೆದಿದ್ದರೆ ಕೆಳಗೆ ಹೋಗುತ್ತದೆ ಎಂದು ನಂಬಿದ್ದು ಅವರ ಅಪರಾಧ. ತಾವು ಕೂರುತ್ತದೆ ಎಂದಾಗ ಕೂರುತ್ತದೆ ಎಂದು ನಂಬಿದ್ದು ನನ್ನದು. ತಮ್ಮ ವ್ಯಾಪಾರ ನಿಂತಿರುವುದು ನಮ್ಮಿಬ್ಬರಂಥವರ ಮೇಲೆ. ಅದನ್ನು ತಾವು ಅಂಗಡಿಯ ಲಾಭವೆಂದು ತಿಳಿದಿದ್ದೀರಿ.

ಆಗ ಅಲ್ಲಿಗೆ ಬಂದವರು ಧರ್ಮಪ್ಪನವರು. ಸಾಗರದಲ್ಲಿ ಅವರದೂ ಡ್ರೈವಿಂಗ್ ಸ್ಕೂಲ್. ಹೊಸನಗರದ ಹೆಂಗಸರೆಲ್ಲ ನನ್ನಲ್ಲಿಗೆ ಬರತೊಡಗಿದ ಮೇಲೆ ಅವರಿಗೂ ನನಗೂ ಮಾತು ಅಷ್ಟಕ್ಕಷ್ಟೇ. ನಡೆದದ್ದನ್ನು ಅವರು ಕಂಡಿದ್ದರು. ನಾನು ಕೇಳದೆಯೇ ತಮ್ಮ ಕಾರಿನ ಕೀಲಿ ತಂದು ಕೆರಿಯಮ್ಮನ ಕೈಗೆ ಕೊಟ್ಟರು.

“ಇದ್ರ ಕ್ಲಚ್ಚು ಭಾಳ ಮೇಲೆ ಹಿಡಿತದೆ ಅಕ್ಕ, ಬೇಗ ಬಿಟ್ರೆ ಆಫ್ ಆಗ್ತದೆ. ಮೂರನೇ ಗೇರು ಸ್ವಲ್ಪ ಗಟ್ಟಿ. ಅಲ್ಲೇ ಒಂದು ಸುತ್ತು ಹಾಕ್ಕಂಡು ನೋಡಿ, ನಿಮಗೆ ಸರಿ ಬಂದ್ರೆ ಮಾತ್ರ ತಗಂಡ್ ಹೋಗಿ.”

ಮಾನ್ಯರೇ, ಈ ಮಾತುಗಳನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು. ಅವರು ಸ್ಪೇರ್ ಪಾರ್ಟ್ಸ್ ಮಾರುವವರಲ್ಲ, ನನಗೆ ಬೇಕಾದವರೂ ಅಲ್ಲ. ಆದರೂ ವಸ್ತುವನ್ನು ಕೊಡುವ ಮುಂಚೆ ಅದರ ಕೊರತೆ ಹೇಳಿದರು, ನೋಡಿಕೊಳ್ಳಿ ಎಂದರು, ಸರಿ ಬರದಿದ್ದರೆ ಬೇಡ ಎಂದರು. ಇಷ್ಟು ಸುಲಭವಾದ ಕೆಲಸವನ್ನು ತಾವು ಇಷ್ಟು ವರ್ಷ ಮಾಡದೆ ಹೇಗೆ ತಡೆದುಕೊಂಡಿದ್ದೀರಿ ಎಂಬುದೇ ನನಗೆ ಬೆರಗು.

ಕೆರಿಯಮ್ಮ ಮೈದಾನದ ಹೊರಗೆ ಒಂದು ಸುತ್ತು ಹಾಕಿದರು. ಗಾಡಿ ಆಫ್ ಆಯಿತು. ಇನ್ನೊಂದು ಸುತ್ತಿಗೆ ಮತ್ತೆ ಆಫ್ ಆಯಿತು. ಆಮೇಲೆ ಅವರು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಕ್ಲಚ್ಚನ್ನು ಮೆಲ್ಲಗೆ ಒತ್ತಿ ಬಿಟ್ಟು, ಅದು ಎಲ್ಲಿ ಹಿಡಿಯುತ್ತದೆಂದು ನಾಲ್ಕಾರು ಸಲ ನೋಡಿಕೊಂಡರು. ಊಟದ ಹೊತ್ತು ಕಳೆದ ಮೇಲೆ ಮೊದಲಿನಿಂದ ಪರೀಕ್ಷೆ ಕೊಟ್ಟರು. ರೇನ್‌ಕೋಟು ಬಿಚ್ಚಿ ಅಂಗಿಯ ತೋಳು ಮಡಚಿಕೊಂಡಿದ್ದ ಇನ್‌ಸ್ಪೆಕ್ಟರು ಈ ಸಲ ಗಾಡಿಯಿಂದ ದೂರ, ಬಹಳವೇ ದೂರ ನಿಂತು, ಕೈಸಿಗ್ನಲ್ಲನ್ನು ಕೂಗಿಯೇ ಕೇಳಿದರು. ಮೂರನೇ ಗೇರು ಗಟ್ಟಿಯೇ ಇತ್ತು. ಕೆರಿಯಮ್ಮ ಅದಕ್ಕಿಂತ ಗಟ್ಟಿ. ಪಾಸಾದರು.

ಸಾಮಾನ್ಯ ಸಭೆಗೆ ಮೊದಲೇ ಲೈಸೆನ್ಸ್ ಕೈಗೆ ಬಂತು. ಭಾವಮೈದುನನ ಸುದ್ದಿ ಅಲ್ಲಿಗೆ ಮುಗಿಯಿತು. ಈಗ ಬೆಳಿಗ್ಗೆ ಆ ಗಾಡಿ ಹಾಡು ಹಾಕಿಕೊಂಡು ಕೇರಿ ಸುತ್ತುವಾಗ, ಹೆಂಗಸರು ಗೇರು ಹಾಕುವುದರೊಳಗೆ ಎಂದಿದ್ದ ಸದಸ್ಯರು ಬಕೆಟ್ಟು ಹಿಡಿದು ಗೇಟಿನಲ್ಲಿ ನಿಂತಿರುತ್ತಾರಂತೆ. ಹಸಿ ಒಣ ಬೇರೆ ಮಾಡದಿದ್ದರೆ ಕೆರಿಯಮ್ಮ ಬಕೆಟ್ಟನ್ನು ಹಾಗೇ ವಾಪಸ್ ಕೊಡುತ್ತಾರಂತೆ.

ನನ್ನ ಸ್ಕೂಲು ಮಾತ್ರ ಅಷ್ಟು ಸುಲಭವಾಗಿ ಚೇತರಿಸಿಕೊಳ್ಳಲಿಲ್ಲ. ಕಲಿಯಲು ಬಂದ ಹೆಂಗಸರನ್ನು ದಿನವೂ ವಾಪಸ್ ಕಳುಹಿಸುವ ಕೆಲಸ ನನಗೆ ಒದಗಿತು; ಕೆಲವರು ಕಾದರು, ಕೆಲವರು ಬೇರೆಡೆಗೆ ಹೋದರು. ಕೊನೆಗೆ ಸತ್ತ ಹಳೆಯ ಮೋಟಾರನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ನಾನೇ ಬಸ್ಸು ಹತ್ತಿ ಆನಂದಪುರದ ಗುಜರಿಗೆ ಹೋದೆ. ರಾಶಿಯಲ್ಲಿದ್ದ ಒಂದೊಂದನ್ನೂ ಎತ್ತಿ ಹಳೆಯದರ ಪಕ್ಕ ಹಿಡಿದು, ಕಡೆ ಯಾವುದು, ನಂಬರು ಯಾವುದು, ಪ್ಲಗ್ಗು ಹೇಗಿದೆ, ತೂತುಗಳು ಎಲ್ಲಿವೆ ಎಂದು ನೋಡಿದೆ. ಎಲ್ಲ ಒಂದೇ ಆದದ್ದು ಸಿಕ್ಕಿದ ಮೇಲೂ ಅಲ್ಲಿದ್ದ ಬ್ಯಾಟರಿಗೆ ಹಚ್ಚಿ ಎರಡೂ ಕಡೆಗೆ ತಿರುಗಿಸಿ ನೋಡಿದೆ. ಗುಜರಿಯವರು ಬೇಸರಿಸಿಕೊಳ್ಳಲಿಲ್ಲ, ಕೂರುತ್ತದೆ ಎಂದು ಭರವಸೆಯನ್ನೂ ಕೊಡಲಿಲ್ಲ. ಅದು ಮಾತ್ರ ಕೂತಿತು. ಗಾಜು ಈಗ ಮೇಲೆ ಎಂದರೆ ಮೇಲೆ, ಕೆಳಗೆ ಎಂದರೆ ಕೆಳಗೆ ಹೋಗುತ್ತದೆ. ಮೊದಮೊದಲು ನನಗೇ ಗಲಿಬಿಲಿಯಾಗುತ್ತಿತ್ತು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳೆಂದರೆ: ನಾನು ತಮ್ಮ ಮೇಲೆ ಹಾಕಿದ ಹಣವನ್ನು ಕೇಳುವುದಿಲ್ಲ, ಅದು ತಮ್ಮಲ್ಲಿ ಚೆನ್ನಾಗಿ ಕೂತಿದೆ. ಅದರ ಬದಲು, ಬಾಗಿಲಿನ ಹೊಟ್ಟೆಯಲ್ಲಿ ಸಿಕ್ಕ ಅಂಗಿಯ ಗುಂಡಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ತಾವು ಖುದ್ದಾಗಿ ಸಾಗರಕ್ಕೆ ಹೋಗಿ ಅದನ್ನು ಇನ್‌ಸ್ಪೆಕ್ಟರ ಅಂಗಿಯ ತೋಳಿಗೆ ಹೊಲಿದುಕೊಡಬೇಕು, ಎಡದ ತೋಳಿಗೋ ಬಲದ ತೋಳಿಗೋ ಎಂದು ಮೊದಲೇ ಕೇಳಿಕೊಳ್ಳಬೇಕು. ತಮ್ಮ ಮೋಟಾರುಗಳ ಅನುಕೂಲಕ್ಕಾಗಿ ಆಕಾಶವನ್ನು ಕೆಳಗೂ ಭೂಮಿಯನ್ನು ಮೇಲೂ ಇಡುವಂತೆ ಸರ್ಕಾರಕ್ಕೆ ಅರ್ಜಿ ಹಾಕಿ, ಅದು ಮಂಜೂರಾಗುವ ತನಕ ಅಂಗಡಿ ಮುಚ್ಚಿರಬೇಕು. ಇದಾವುದೂ ಆಗದಿದ್ದಲ್ಲಿ, ಒಂದು ದಿನ ಕೆರಿಯಮ್ಮನ ಕಸದ ಗಾಡಿಯಲ್ಲಿ ಹಿಂದೆ ನಿಂತು ಬಂದು, ಯಾವುದು ಯಾವ ಡಬ್ಬಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಕಲಿತುಕೊಂಡು ಹೋಗಬೇಕು. ಶುಲ್ಕವಿಲ್ಲ.

ತಮ್ಮ ಅಮೂಲ್ಯ ಸಮಯವನ್ನು ಇಷ್ಟು ಹೊತ್ತು ಹಿಡಿದಿಟ್ಟದ್ದಕ್ಕೆ ಕ್ಷಮೆಯಿರಲಿ; ತಮ್ಮ ಮೋಟಾರು ಹಿಡಿದಿಟ್ಟಷ್ಟು ಬಿಗಿಯಾಗಿ ನಾನು ಹಿಡಿದಿಲ್ಲವೆಂಬುದನ್ನೂ ಗಮನಿಸಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ಅಭ್ಯಾಸಬಲದಿಂದ
ತಮ್ಮ ವಿಶ್ವಾಸಿ,
ಸುಚಿತ್ರಾ
ಹೊಸನಗರ

ವಿ.ಸೂ.: ಇಷ್ಟು ಬರೆದು ಮುಗಿಸುವಾಗ ತಮ್ಮಿಂದಲೇ ಫೋನು ಬಂತು. ಮೇಗರವಳ್ಳಿಯ ಟೀಚರಮ್ಮ ಒಬ್ಬರು ಕಾರಿನ ಕಿಟಕಿಗೆ ಮೋಟಾರು ಹುಡುಕುತ್ತಿದ್ದಾರೆ, ನನ್ನಲ್ಲಿರುವ ಆ ಸುಟ್ಟ ಮೋಟಾರು ಅವರ ಗಾಡಿಗೆ ಹೇಳಿ ಮಾಡಿಸಿದಂತಿದೆ, ಬಸ್ಸಿನಲ್ಲಿ ಕಳುಹಿಸಿಬಿಡಿ ಎಂದಿರಿ. ಬಸ್ಸಿನವರಿಗೆ ತೊಂದರೆ ಬೇಡ. ಟೀಚರಮ್ಮನ ಮನೆ ನಾನು ವಿಚಾರಿಸಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ನಾನೇ ಹೋಗಿ, ಮೋಟಾರಿಗೆ ಈ ಪತ್ರದ ಪ್ರತಿಯನ್ನು ಸುತ್ತಿ, ಅವರ ಕೈಗೇ ಕೊಟ್ಟು ಬರುತ್ತೇನೆ.